ನೆಲುವಿನ ಮೇಲೊಂದು ರೈಲು

ಚಾಮರಾಜನಗರದ ನಮ್ಮ ಮನೆಯ ಹಾಲಿನ ಸೂರಿನಲ್ಲಿ ನಾಲ್ಕು ಕಬ್ಬಿಣದ ಬಳೆಗಳಿವೆ. ಮೋಲ್ಡ್ ಹಾಕುವ ದಿನ ಅಪ್ಪ ಮೇಸ್ತ್ರಿಯ ಪಕ್ಕದಲ್ಲೇ ನಿಂತು ಕಂಬಿಗೆ ಸಿಕ್ಕಿಸಿ ಇಡಿಸಿದ್ದು, ತೂಗುಮಣೆಗೆ ಅಂತ. ಮಣೆ ಕೆಲವು ವರ್ಷ ತೂಗಿತು. ಆಮೇಲೆ ಸೋಫಾ ಬಂತು, ಮಣೆ ಅಟ್ಟ ಸೇರಿತು. ಬಳೆಗಳು ಮಾತ್ರ ಸುಣ್ಣದ ಮೇಲೆ ಸುಣ್ಣ ಬಳಿಸಿಕೊಂಡು ಹಾಗೇ ಉಳಿದವು. ಈಗ ಆ ಬಳೆಗಳಿಗೆ ಒಂದು ರೈಲ್ವೆ ಸ್ಟೇಷನ್ನು ನೇತಾಡುತ್ತಿದೆ. ಪ್ಲಾಟ್‌ಫಾರಂ, ನೀರಿನ ಟ್ಯಾಂಕು, ಎರಡು ಬೇವಿನ ಮರ, ಒಂದು ಕಲ್ಲು ಸೇತುವೆ ಸಮೇತ.

ಮಾದರಿ ರೈಲಿನ ಹುಚ್ಚು ಹಿಡಿದವರಿಗೆ ಮೊದಲ ತೊಡಕು ದುಡ್ಡಿನದಲ್ಲ, ಜಾಗದ್ದು. ಗಾಡಿಯನ್ನು ಡಬ್ಬಿಯಲ್ಲಿ ಎತ್ತಿಡಬಹುದು. ಹಳಿ, ಗುಡ್ಡ, ಊರು ಎಲ್ಲ ಅಂಟಿಸಿದ ಹಲಗೆಯನ್ನು ಎಲ್ಲಿಡುವುದು? ನಮ್ಮ ಕಡೆ ಸಿಗುವ ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. ಅದು ಹೆಚ್ಚುಕಡಿಮೆ ಒಂದು ಮಂಚದ ಜಾಗ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಮರಗಿಡ ಉದುರುತ್ತವೆ, ಮಂಚದ ಕೆಳಗೆ ತಳ್ಳಿದರೆ ಇಲಿಗೆ ಬಾಡಿಗೆ ಮನೆಯಾಗುತ್ತದೆ. ಇರುವ ಖಾಲಿ ಜಾಗವೆಂದರೆ ತಲೆಯ ಮೇಲಿನದು ಒಂದೇ. ಅಜ್ಜಿಯರು ಬೆಕ್ಕಿಗೆ ಎಟುಕದಂತೆ ಹಾಲುಮೊಸರಿನ ಮಡಕೆಯನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದದ್ದು ಇದೇ ಲೆಕ್ಕದಲ್ಲಿ.

ಹಲಗೆಯನ್ನು ರಾಟೆಯಿಂದ ಸೂರಿಗೆ ಏರಿಸಿಟ್ಟು, ಭಾನುವಾರ ಇಳಿಸಿ ಆಡುವ ಏರ್ಪಾಡನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದು ಈ ಬರಹದ ವಿಷಯ. ಕೆಲಸ ಕಷ್ಟದ್ದಲ್ಲ. ಆದರೆ ತೆರಕಣಾಂಬಿ ಕಡೆ ಬೋರ್‌ವೆಲ್ ಮೋಟರು ಎತ್ತುವ ಕೆಲಸದವರೊಬ್ಬರು ನನ್ನ ನಕ್ಷೆ ನೋಡಿ ಹೇಳಿದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: “ಎತ್ತೋದ್ರಲ್ಲಿ ಏನದೆ ಸಾ? ಎತ್ತಿದ್ದು ಅಲ್ಲೇ ನಿಂತ್ಕಬೇಕು, ಅದು ಕೆಲ್ಸ.” ಮುಂದೆ ಬರುವ ಲೆಕ್ಕವೆಲ್ಲ ಆ ಮಾತಿನ ಸುತ್ತಲೇ ಇದೆ.

ಏನನ್ನು ಏರಿಸುತ್ತೀರಿ?

ಮಾದರಿ ರೈಲಿಗೆ ನಿಗದಿತ ಅಳತೆಗಳಿವೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಹಳಿಯ ಅಗಲವನ್ನು ಗೊತ್ತುಮಾಡಿದ ಆಟದ ರೈಲುಗಳನ್ನು ಮಾರಾಟಕ್ಕಿಟ್ಟಿತು. ಅದೇ 1891ರಲ್ಲೇ ಮೈಸೂರಿನಿಂದ ನಂಜನಗೂಡಿಗೆ ನಿಜವಾದ ಮೀಟರ್‌ಗೇಜ್ ರೈಲು ಓಡತೊಡಗಿತು ಎಂಬುದು ನನಗೆ ಇಷ್ಟವಾದ ಕಾಕತಾಳೀಯ. ಇವತ್ತು ಜಗತ್ತಿನಲ್ಲಿ ಹೆಚ್ಚು ಓಡುವುದು ‘ಎಚ್‌ಒ’ ಅಳತೆ, ಅಂದರೆ ನಿಜದ 87ನೇ ಒಂದು ಭಾಗ. ಅದಕ್ಕಿಂತ ಚಿಕ್ಕದು ‘ಎನ್’, 160ನೇ ಒಂದು ಭಾಗ. ಎಚ್‌ಒ ಲೆಕ್ಕದಲ್ಲಿ ನಮ್ಮ ಹಳೆಯ ನೀಲಿ ಐಸಿಎಫ್ ಬೋಗಿ ಸುಮಾರು 245 ಮಿಲಿಮೀಟರ್, ಒಂದು ಗೇಣಿಗೆ ತುಸು ಹೆಚ್ಚು. ಒಂದು ಮೀಟರ್ ಅಗಲದ ಮೀಟರ್‌ಗೇಜು 11.5 ಮಿಲಿಮೀಟರಿಗೆ ಇಳಿಯುತ್ತದೆ. ಪೇಟೆಯಲ್ಲಿ ಸಿಗುವ 12 ಮಿಲಿಮೀಟರ್ ಹಳಿ ಅದಕ್ಕೆ ಸರಿಹೊಂದುತ್ತದೆ.

ಮೈಸೂರಿನಿಂದ ಚಾಮರಾಜನಗರದ ದಾರಿ 61 ಕಿಲೋಮೀಟರ್. 87ರಿಂದ ಭಾಗಿಸಿದರೂ 701 ಮೀಟರ್ ಉಳಿಯುತ್ತದೆ, ಅದಕ್ಕೆ ನಮ್ಮ ಬೀದಿ ಸಾಲದು. ಆದ್ದರಿಂದ ಕಡಕೊಳ, ತಾಂಡವಪುರ, ಕವಲಂದೆ, ಬದನಗುಪ್ಪೆ ಎಲ್ಲವನ್ನೂ ಕೈಬಿಟ್ಟು ಎರಡನ್ನೇ ಉಳಿಸಿಕೊಂಡೆ. ಒಂದು, 1926ರಲ್ಲಿ ಹಳಿ ಬಂದು ಮುಟ್ಟಿದ ಚಾಮರಾಜನಗರದ ಸ್ಟೇಷನ್ನು. ಹಳಿ ಇಲ್ಲಿಗೇ ಮುಗಿಯುತ್ತದೆ. ಬಂದ ಎಂಜಿನ್ನನ್ನು ಬಿಚ್ಚಿ, ಪಕ್ಕದ ಹಳಿಯಲ್ಲಿ ಓಡಿಸಿ, ಗಾಡಿಯ ಇನ್ನೊಂದು ತುದಿಗೆ ತಂದು ಕಟ್ಟಬೇಕು. ಕಡಿಮೆ ಜಾಗದಲ್ಲಿ ಇಷ್ಟು ಕೆಲಸ ಕೊಡುವ ಸ್ಟೇಷನ್ನು ಮಾದರಿ ಕಟ್ಟುವವನಿಗೆ ವರ. ಇನ್ನೊಂದು, ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲು ಸೇತುವೆ. ಅದು ರಸ್ತೆ, ರೈಲು ಎರಡನ್ನೂ ಹೊತ್ತ ಸೇತುವೆ. ಈ ಶತಮಾನದ ಮೊದಲ ದಶಕದಲ್ಲಿ ದಾರಿ ಬ್ರಾಡ್‌ಗೇಜಿಗೆ ಬದಲಾದ ಮೇಲೆ ಹಳೆಯ ಮೀಟರ್‌ಗೇಜಿನ ನೋಟ ಬೇಕೆಂದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಟೇಪು ಹಿಡಿಯಬೇಕು. 1979ರಿಂದ ಅಲ್ಲಿ ಎಂಜಿನ್ನುಗಳು ಬಿಸಿಲಿಗೆ ಮೈಯೊಡ್ಡಿ ನಿಂತಿವೆ.

ಗುಂಡ್ಲುಪೇಟೆಯ ಓದುಗರು ಇಲ್ಲಿ ಬೇಸರಪಡಬಾರದು. ನಂಜನಗೂಡಿನಿಂದ ಗುಂಡ್ಲುಪೇಟೆ ಮೇಲೆ ನಿಲಂಬೂರಿಗೆ ರೈಲು ಎಂಬ ಮಾತನ್ನು ದಶಕಗಳಿಂದ ಕೇಳುತ್ತಲೇ ಇದ್ದೀರಿ; ನಡುವೆ ಬಂಡೀಪುರದ ಕಾಡಿದೆ, ಆನೆಗಳಿವೆ. ನಿಮ್ಮ ಊರಿಗೆ ರೈಲ್ವೆ ಇಲಾಖೆಗಿಂತ ಮೊದಲು ರೈಲು ತರುವ ಅವಕಾಶ ನಿಮ್ಮ ಕೈಯಲ್ಲೇ ಇದೆ. ಹಲಗೆಯ ಮೇಲೆ ಹಳದಿ ಬೋರ್ಡು ನೆಟ್ಟು ಊರಿನ ಹೆಸರು ಬರೆದರೆ ಆಯಿತು, ಯಾವ ಅನುಮತಿಯೂ ಬೇಡ. ಇಲ್ಲವೇ ಊಟಿಯ ದಾರಿಯಲ್ಲಿರುವ ನಿಮಗೆ ನೀಲಗಿರಿ ಬೆಟ್ಟದ ರೈಲು ಹತ್ತಿರದ್ದೇ. ಅದೂ ಮೀಟರ್‌ಗೇಜು, 46 ಕಿಲೋಮೀಟರ್, ಹಲ್ಲುಹಳಿ ಹಿಡಿದು 12 ಅಡಿಗೆ 1 ಅಡಿಯಂತೆ ಏರುವ ಗಾಡಿ.

ತೂಕದ ಲೆಕ್ಕ

ರಾಟೆ ಕೊಳ್ಳುವ ಮೊದಲು ತಕ್ಕಡಿ ಹುಡುಕಿ. 8×4ರ ಪ್ಲೈವುಡ್ಡು 18 ಮಿಲಿಮೀಟರ್ ದಪ್ಪದ್ದಾದರೆ ಅದೊಂದೇ 33 ಕೆ.ಜಿ. ಹತ್ತಿರ ತೂಗುತ್ತದೆ. 12ರದು 22, 9ರದು ಸುಮಾರು 17. ಬಡಗಿಗಳು ‘ಹದಿನೆಂಟೇ ಹಾಕಿ ಸಾರ್, ಗಟ್ಟಿ’ ಅನ್ನುತ್ತಾರೆ. ಅವರು ವಾರ್ಡ್‌ರೋಬಿನ ಲೆಕ್ಕ ಹೇಳುತ್ತಿದ್ದಾರೆ. ನಿಮಗೆ 9 ಮಿಲಿಮೀಟರಿನ ಹಾಳೆ ಸಾಕು. ಗಟ್ಟಿತನ ಬರಬೇಕಾದದ್ದು ಕೆಳಗಿನ ಚೌಕಟ್ಟಿನಿಂದ. ಸಿಲ್ವರ್ ಓಕಿನ 3 ಇಂಚಿಗೆ 1 ಇಂಚಿನ ರೀಪನ್ನು ಪಟ್ಟಿಯಂತೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಸುತ್ತ ಕಟ್ಟಿ, ನಡುವೆ ಮೂರು ಅಡ್ಡಪಟ್ಟಿ ಕೊಟ್ಟರೆ 12 ಕೆ.ಜಿ. ಆಗುತ್ತದೆ. ಕಬ್ಬಿಣದ 25 ಮಿಲಿಮೀಟರ್ ಚೌಕ ಪೈಪಿನಲ್ಲಿ (1.6 ಮಿ.ಮೀ. ದಪ್ಪ) ಮಾಡಿದರೂ 13 ಕೆ.ಜಿ. ಆಸುಪಾಸು. ಅಲ್ಯೂಮಿನಿಯಂ ಆದರೆ ಅದರ ಮೂರನೇ ಒಂದು ಪಾಲು. ದುಡ್ಡಿದ್ದವರು ಇಲ್ಲಿ ಖರ್ಚು ಮಾಡಿ, ಎಂಜಿನ್ನಿಗೆ ಆಮೇಲೆ ಮಾಡಿ.

ತೂಕ ಕದ್ದು ಏರುವುದು ಗುಡ್ಡದಲ್ಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಾಡಲು ಹೊರಟರೆ ಎರಡು ಗೋಣಿ ಹೇಗೆ ಹೋಯಿತೆಂದೇ ತಿಳಿಯುವುದಿಲ್ಲ. ಥರ್ಮೋಕೋಲ್ ಕೊರೆದು, ಮೇಲೆ ಹಳೇ ಪೇಪರು ಮತ್ತು ಗೋಂದಿನ ಎರಡು ಪದರ ಕೊಟ್ಟು, ತೆಳುವಾಗಿ ಪುಟ್ಟಿ ಬಳಿದರೆ ಬೆಟ್ಟ ಎರಡು ಮೂರು ಕೆ.ಜಿ.ಯಲ್ಲಿ ಮುಗಿಯುತ್ತದೆ. ಹಳಿ, ವೈರು, ಮನೆಮಠ ಸೇರಿ ಒಟ್ಟು 40 ಕೆ.ಜಿ. ಆದೀತು. ಮುಂದೆ ಸೇರುವುದಕ್ಕೂ ಇರಲಿ ಎಂದು 50ಕ್ಕೆ ಲೆಕ್ಕ ಹಾಕಿ. ಕಟ್ಟಿದ ಮೇಲೆ ನಿಜವಾದ ತೂಕ ನೋಡಲು ಒಂದು ತುದಿಯ ಅಂಚನ್ನು ತೂಗುವ ಯಂತ್ರದ ಮೇಲೂ ಇನ್ನೊಂದು ತುದಿಯ ಅಂಚನ್ನು ಅಷ್ಟೇ ಎತ್ತರದ ಇಟ್ಟಿಗೆಯ ಮೇಲೂ ಇಡಿ. ಆಮೇಲೆ ತಿರುಗಿಸಿ ಇಡಿ. ಎರಡು ಅಂಕೆಗಳನ್ನು ಕೂಡಿ.

ಸೂರು ಯಾವುದು?

ಇದು ಇಡೀ ಕೆಲಸದ ಜೀವ. ಇಲ್ಲಿ ಅವಸರ ಮಾಡಬೇಡಿ.

ಮೋಲ್ಡ್ ಮನೆಯಾದರೆ ನೀವು ಅದೃಷ್ಟವಂತರು. ತೂಗುಮಣೆಗೋ ತೊಟ್ಟಿಲಿಗೋ ಕಂಬಿಗೆ ಕಟ್ಟಿ ಹಾಕಿದ ಬಳೆಗಳಿದ್ದರೆ ಇನ್ನೂ ಅದೃಷ್ಟವಂತರು: ಮೂರು ಜನ ಕೂತು ತೂಗಿದ್ದನ್ನು ತಡೆದ ಬಳೆ ನಿಮ್ಮ ಸ್ಟೇಷನ್ನನ್ನು ತಡೆಯುತ್ತದೆ. ತುಕ್ಕು ತಿಂದು ಸವೆದಿಲ್ಲ ತಾನೆ ಎಂದು ಮಾತ್ರ ಕೆರೆದು ನೋಡಿ. ಆದರೆ ಫ್ಯಾನಿನ ಕೊಕ್ಕೆಗೆ ಯಾವ ಕಾರಣಕ್ಕೂ ಹಲಗೆ ಕಟ್ಟಬೇಡಿ. ಅದು ಕೆಲವೇ ಕೆ.ಜಿ.ಯ ಫ್ಯಾನಿಗೆಂದು ಹಾಕಿದ್ದು, ಅದರ ಪಕ್ಕದಲ್ಲೇ ಕರೆಂಟಿನ ವೈರೂ ಇರುತ್ತದೆ.

ಬಳೆಯಿಲ್ಲದಿದ್ದರೆ ಸೂರಿಗೆ ತೂತು ಕೊರೆದು ಆ್ಯಂಕರ್ ಫಾಸ್ಟನರ್ ಬಡಿಯಬೇಕು. ಗೋಡೆಗೆ ಫೋಟೋ ತೂಗುಹಾಕಲು ಬಳಸುವ ಪ್ಲಾಸ್ಟಿಕ್ ರಾಲ್‌ಪ್ಲಗ್ಗು ಇಲ್ಲಿ ನಡೆಯುವುದಿಲ್ಲ. ನೇರ ಕೆಳಕ್ಕೆ ಎಳೆತ ಬಿದ್ದರೆ ಅದು ಕಾರ್ಕಿನಂತೆ ಕಳಚಿಕೊಂಡು ಬರುತ್ತದೆ. ಕಬ್ಬಿಣದ, ಒಳಗೆ ಹಿಗ್ಗಿ ಕಚ್ಚಿಕೊಳ್ಳುವ 10 ಮಿಲಿಮೀಟರಿನ ಫಾಸ್ಟನರ್ ತನ್ನಿ. ಒಂದು ಕೊಕ್ಕೆಗೆ ಒಂದೇ ಫಾಸ್ಟನರ್ ಎಂಬ ಜಿಪುಣತನ ಬೇಡ. ಆರಿಂಚಿನ ಕಬ್ಬಿಣದ ತಟ್ಟೆಗೆ ಬಳೆ ವೆಲ್ಡ್ ಮಾಡಿಸಿ, ತಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಬಡಿಯಿರಿ. ಗಿಲಾವು ಲೆಕ್ಕಕ್ಕಿಲ್ಲ, ತೂತು ಕಾಂಕ್ರೀಟಿನೊಳಗೆ ಎರಡಿಂಚು ಹೋಗಬೇಕು. ಡ್ರಿಲ್ಲು ಕಂಬಿಗೆ ತಾಗಿ ಕಿರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಒಂದೆರಡು ಇಂಚು ಸರಿದು ಕೊರೆಯಿರಿ. ಸ್ವಿಚ್‌ಬೋರ್ಡಿನಿಂದ ಫ್ಯಾನಿಗೆ ಹೋಗುವ ನೇರದಲ್ಲಿ ಪೈಪು ಹೂತಿರುತ್ತದೆ, ಅತ್ತ ಸುಳಿಯಬೇಡಿ. ಗಿಲಾವು ಉದುರಿ ತುಕ್ಕಿನ ಕಂಬಿ ಹೊರಗೆ ಕಾಣುವ ಹಳೆಯ ಮೋಲ್ಡಾದರೆ ಈ ಯೋಜನೆಯನ್ನೇ ಬಿಡಿ, ಮೊದಲು ಸೂರು ರಿಪೇರಿ ಮಾಡಿಸಿ.

ತೂತಿನೊಳಗೆ ಅಂಟು ತುಂಬಿ ಬೋಲ್ಟು ಕೂರಿಸುವ ವಿಧಾನವೂ ಇದೆ, ‘ಕೆಮಿಕಲ್ ಆ್ಯಂಕರ್’ ಅನ್ನುತ್ತಾರೆ. ಅಂಗಡಿಯವರು ಮೆಚ್ಚಿಕೊಂಡು ಮಾರುತ್ತಾರೆ. ನಾನು ಬೇಡ ಅನ್ನುತ್ತೇನೆ. 2006ರ ಜುಲೈನಲ್ಲಿ ಅಮೆರಿಕದ ಬೋಸ್ಟನ್ನಿನ ಸುರಂಗ ರಸ್ತೆಯೊಂದರಲ್ಲಿ ಹೀಗೇ ಎಪಾಕ್ಸಿಯಲ್ಲಿ ಕೂರಿಸಿದ ಬೋಲ್ಟುಗಳು ಸೂರಿನ ಕಾಂಕ್ರೀಟ್ ಫಲಕಗಳ ಭಾರಕ್ಕೆ ದಿನದಿನವೂ ಕೂದಲೆಳೆಯಷ್ಟು ಜಾರಿ, ಕೊನೆಗೆ ಒಂದು ರಾತ್ರಿ ಫಲಕಗಳು ಕಾರಿನ ಮೇಲೆ ಬಿದ್ದು ಒಬ್ಬರು ಸತ್ತರು. ಅಲ್ಲಿದ್ದದ್ದು ಟನ್ನುಗಟ್ಟಲೆ, ನಮ್ಮದು ಐವತ್ತು ಕೆ.ಜಿ. ನಿಜ. ಆದರೂ ಹಗಲೂ ರಾತ್ರಿ ಒಂದೇ ಸಮನೆ ತೂಗುವ ಭಾರದ ಗುಣವೇ ಬೇರೆ. ಎಳೆದು ನೋಡಿದಾಗ ತಡೆದದ್ದು ವರ್ಷಗಟ್ಟಲೆ ತಡೆಯುತ್ತದೆಂದು ಹೇಳಲಾಗದು. ಮೇಲೊಂದು ಮಹಡಿಯಿದ್ದರೆ ಸೂರನ್ನು ಪೂರ್ತಿ ತೂರಿಸಿ, ಮೇಲ್ಗಡೆ ತಟ್ಟೆ ಕೊಟ್ಟು ಬೋಲ್ಟು ಹಾಕುವುದು ಎಲ್ಲಕ್ಕಿಂತ ಭದ್ರ. ಬರೀ ತಾರಸಿಯಾದರೆ ಬೇಡ, ಮೊದಲ ಮಳೆಗೇ ಆ ತೂತಿನಲ್ಲಿ ನೀರು ಇಳಿಯುತ್ತದೆ.

ಹೆಂಚಿನ ಮನೆಯಲ್ಲಿ ರೀಪಿಗೂ ಜಂತೆಗೂ ಕಟ್ಟಬೇಡಿ, ತೊಲೆಗೆ ಮಾತ್ರ ಕಟ್ಟಿ. ಅದಕ್ಕೂ ಮುಂಚೆ ತೊಲೆಯನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ ಗೆದ್ದಲು ಒಳಗೆ ಸಂಸಾರ ಹೂಡಿದೆ. ಸ್ಕ್ರೂ ಹಾಕುವ ಬದಲು ತೊಲೆಯನ್ನು ಬಳಸಿ ಕಬ್ಬಿಣದ ಪಟ್ಟಿಯ ಯು ಆಕಾರದ ಬಳೆ ಹಾಕಿಸಿದರೆ ಮರಕ್ಕೆ ಗಾಯವಿಲ್ಲ. ಕಲ್ಲು ಚಪ್ಪಡಿಯ ಹಳೆಯ ಮನೆಗಳಲ್ಲಿ ಡ್ರಿಲ್ಲು ಮುಟ್ಟಿಸಲೇಬೇಡಿ, ಚಪ್ಪಡಿ ಬಿರುಕು ಬಿಟ್ಟರೆ ಅಂಟಿಸಲು ಬರುವುದಿಲ್ಲ. ಶೀಟು ಮನೆಯ ಮಾತಂತೂ ಬೇಡ.

ಈ ಕೊನೆಯ ಎರಡು ಬಗೆಯವರಿಗೂ, ಬಾಡಿಗೆ ಮನೆಯವರಿಗೂ ಒಂದು ದಾರಿಯಿದೆ. ಸೊಳ್ಳೆಪರದೆ ಕಟ್ಟುವ ನಾಲ್ಕು ಕಂಬದ ಮಂಚವನ್ನು ನೆನೆಸಿಕೊಳ್ಳಿ. ಅದನ್ನೇ ದೊಡ್ಡದಾಗಿ, ಎರಡಿಂಚಿನ ಚೌಕ ಪೈಪಿನಲ್ಲಿ, ಮೂಲೆಮೂಲೆಗೆ ಓರೆ ಆಸರೆ ಕೊಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ. ಮೇಲಿನ ಚೌಕಟ್ಟಿಗೆ ರಾಟೆಗಳನ್ನು ಕಟ್ಟಿ. ಎಲ್ಲ ಭಾರ ನೆಲಕ್ಕೆ ಹೋಗುತ್ತದೆ, ಸೂರನ್ನು ಮುಟ್ಟುವುದೇ ಇಲ್ಲ. ಬೋಲ್ಟಿನಲ್ಲಿ ಜೋಡಿಸಿದ್ದಾದರೆ ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ಓನರಿಗೆ ಸೂರಿನ ತೂತಿನ ಲೆಕ್ಕವನ್ನೂ ಕೊಡಬೇಕಾಗಿಲ್ಲ.

ರೇಷ್ಮೆ ಕೃಷಿಯ ಮನೆಯವರೊಬ್ಬರು ಬೆಳೆಯ ನಡುವೆ ಖಾಲಿ ಬೀಳುವ ಹುಳದ ಮನೆಯಲ್ಲಿ ತೂಗುಹಾಕಲೇ ಎಂದು ಕೇಳಿದರು. ಎತ್ತರದ ಸೂರು, ಒಳ್ಳೆ ಜಾಗ. ಆದರೆ ಅಲ್ಲಿ ಬ್ಲೀಚಿಂಗ್ ಪೌಡರು ಹಾಕಿ ತೊಳೆಯುತ್ತಾರೆ, ಹುಳಕ್ಕೆ ಬೇಕಾದ ತೇವವೂ ಇರುತ್ತದೆ. ಎರಡೂ ಹಳಿಗೆ ವಿಷ.

ಹಗ್ಗ ಮತ್ತು ರಾಟೆ

ಹಲಗೆಗೆ ಹಗ್ಗ ಕಟ್ಟುವ ಜಾಗ ಮೂಲೆಯಲ್ಲ. ಮೂಲೆಗೆ ಕಟ್ಟಿದರೆ ಎಂಟು ಅಡಿಯ ಹಲಗೆ ನಡುವೆ ಜೋತುಬೀಳುತ್ತದೆ, ಹಳಿಯ ಕೀಲುಗಳು ಬಾಯಿ ಬಿಡುತ್ತವೆ. ಉದ್ದದ ಐದನೇ ಒಂದು ಪಾಲು, ಅಂದರೆ ಪ್ರತಿ ತುದಿಯಿಂದ ಸುಮಾರು 20 ಇಂಚು ಒಳಗೆ ಕಟ್ಟಿದರೆ ಬಾಗುವುದು ತೀರಾ ಕಡಿಮೆ. ಆ ಜಾಗದಲ್ಲೇ ಚೌಕಟ್ಟಿನ ಅಡ್ಡಪಟ್ಟಿ ಬರುವಂತೆ ಮೊದಲೇ ಯೋಚಿಸಿ. ಕೊಂಡಿಯ ಬೋಲ್ಟು ಪ್ಲೈವುಡ್ಡಿಗಲ್ಲ, ಚೌಕಟ್ಟಿಗೆ ಹಾಕಬೇಕು.

ನಾಲ್ಕು ಹಗ್ಗಗಳು ನೇರ ಮೇಲೇರಿ, ತಲೆಯ ಮೇಲಿನ ರಾಟೆಗಳಲ್ಲಿ ತಿರುಗಿ, ಸೂರಿಗೆ ಸಮಾಂತರವಾಗಿ ಒಂದೇ ಗೋಡೆಯ ಕಡೆ ಹೋಗುತ್ತವೆ. ಅಲ್ಲಿ ನಾಲ್ಕನ್ನೂ ಒಂದು ಗಟ್ಟಿ ಬಳೆಗೆ ಸೇರಿಸಿ, ಆ ಬಳೆಯಿಂದ ಒಂದೇ ದಪ್ಪ ಹಗ್ಗ ಇನ್ನೊಂದು ರಾಟೆ ಬಳಸಿ ಗೋಡೆಗುಂಟ ಕೆಳಗಿನ ವಿಂಚಿಗೆ ಇಳಿಯುತ್ತದೆ. ಬಳೆ ಮೂರಡಿ ಸರಿದರೆ ನಾಲ್ಕು ಹಗ್ಗವೂ ಮೂರಡಿ ಎಳೆಯುತ್ತವೆ, ಹಲಗೆ ಮಟ್ಟವಾಗಿ ಏರುತ್ತದೆ. ಬಳೆ ಓಡಾಡಲು ಸೂರಿನಡಿ ಅಷ್ಟೇ ಉದ್ದದ ಖಾಲಿ ಜಾಗವಿದೆಯೇ ಎಂದು ಅಳೆದುಕೊಳ್ಳಿ. ನಾನು ಮೊದಲ ಸಲ ಇದನ್ನೇ ಮರೆತು, ಹಲಗೆ ಎದೆಮಟ್ಟಕ್ಕೆ ಬಂದಾಗ ಬಳೆ ಗೋಡೆಯ ಕಡೆಯ ರಾಟೆಗೆ ಬಡಿದು ನಿಂತಿತ್ತು. ಪ್ರತಿ ಹಗ್ಗದ ತುದಿಗೆ ಒಂದೊಂದು ಟರ್ನ್‌ಬಕಲ್ ಇದ್ದರೆ ತಿರುಚಿ ಮಟ್ಟ ಸರಿಮಾಡಬಹುದು.

50 ಕೆ.ಜಿ.ಯನ್ನು ನಾಲ್ಕರಿಂದ ಭಾಗಿಸಿ ಒಂದು ಹಗ್ಗಕ್ಕೆ ಹನ್ನೆರಡೂವರೆ ಎಂದುಕೊಳ್ಳುವುದು ತಪ್ಪು ಲೆಕ್ಕ. ನಾಲ್ಕು ಕಾಲಿನ ಕುರ್ಚಿ ಸಮವಲ್ಲದ ನೆಲದಲ್ಲಿ ಎದುರುಬದುರಿನ ಎರಡು ಕಾಲಿನ ಮೇಲೆ ಆಡುವಂತೆ, ಹಲಗೆಯೂ ಕೆಲವು ಸಲ ಎರಡೇ ಹಗ್ಗದ ಮೇಲೆ ನಿಲ್ಲುತ್ತದೆ. ಹಾಗಾಗಿ ಒಂದಕ್ಕೆ 25. ತಲೆಯ ಮೇಲೆ ತೂಗುವುದಾದ್ದರಿಂದ ಅದರ ಹತ್ತು ಪಟ್ಟು, 250 ಕೆ.ಜಿ.ಗೂ ಹರಿಯದ ಹಗ್ಗ ಬೇಕು. 3 ಮಿಲಿಮೀಟರಿನ ಉಕ್ಕಿನ ವೈರ್ ರೋಪ್ ಸುಮಾರು 500 ಕೆ.ಜಿ. ತಡೆಯುತ್ತದೆ, ಅದು ಸಾಕು. ಎಲ್ಲ ಭಾರವನ್ನೂ ಒಂದೇ ಹೊರುವ ಕೊನೆಯ ಹಗ್ಗಕ್ಕೆ 4 ಅಥವಾ 5 ಮಿಲಿಮೀಟರ್ ಹಾಕಿ. ನೈಲಾನ್ ಹಗ್ಗ ಅಗ್ಗ, ಕೈಗೂ ಹಿತ. ಆದರೆ ಭಾರಕ್ಕೆ ಹಿಗ್ಗುತ್ತದೆ, ಒಂದು ವಾರದಲ್ಲಿ ಹಲಗೆ ಓರೆಯಾಗುತ್ತದೆ. ಇಲಿಗೂ ಅದು ಇಷ್ಟ.

ರಾಟೆಯ ವಿಷಯದಲ್ಲಿ ಬಹಳ ಜನ ತಪ್ಪುವ ಲೆಕ್ಕ ಇನ್ನೊಂದಿದೆ. ಹಗ್ಗ ರಾಟೆಯಲ್ಲಿ ಕಾಲು ಸುತ್ತು ತಿರುಗಿದರೆ ಆ ರಾಟೆಯ ಕೊಕ್ಕೆಗೆ ಬೀಳುವ ಭಾರ ಹಗ್ಗದಲ್ಲಿರುವುದಕ್ಕಿಂತ ಹೆಚ್ಚು, ಸುಮಾರು 1.4 ಪಟ್ಟು. ನಾಲ್ಕು ಹಗ್ಗದ ಎಳೆತವೆಲ್ಲ ಸೇರಿ ತಿರುಗುವ ಗೋಡೆಯ ಕಡೆಯ ರಾಟೆಗೆ ಹೀಗೆ 70 ಕೆ.ಜಿ. ಬೀಳುತ್ತದೆ, ಅದೂ ಓರೆಯಾಗಿ. ಇಡೀ ಏರ್ಪಾಡಿನಲ್ಲಿ ಅತ್ಯಂತ ಗಟ್ಟಿ ತಟ್ಟೆ ಬೇಕಾದದ್ದು ಅಲ್ಲಿಗೆ. ಮೂಲೆಯಲ್ಲಿರುವುದರಿಂದ ಅದನ್ನೇ ಜನ ಉಡಾಫೆ ಮಾಡುತ್ತಾರೆ. ರಾಟೆಯ ಗಾಲಿ ಹಗ್ಗದ ದಪ್ಪದ ಹದಿನಾರು ಇಪ್ಪತ್ತು ಪಟ್ಟಾದರೂ ಇರಬೇಕು, 3 ಮಿಲಿಮೀಟರಿಗೆ ಎರಡಿಂಚು, ಎರಡೂವರೆ ಇಂಚು. ಬಟ್ಟೆ ಒಣಹಾಕುವ ಸೀಲಿಂಗ್ ಹ್ಯಾಂಗರಿನ ಗುಂಡಿಯಷ್ಟು ಪುಟ್ಟ ರಾಟೆಯಲ್ಲಿ ಉಕ್ಕಿನ ಹಗ್ಗ ಬಗ್ಗಿ ಬಗ್ಗಿ ಎಳೆ ಎಳೆಯಾಗಿ ಮುರಿಯುತ್ತದೆ. ಅಂದ ಹಾಗೆ ಆ ಹ್ಯಾಂಗರನ್ನೇ ನಾಲ್ಕು ಕೊಂಡು ಜೋಡಿಸುವ ಐಡಿಯಾ ನಿಮಗೂ ಬಂದಿರಬಹುದು. ಬಿಟ್ಟುಬಿಡಿ. ಅದು ಒದ್ದೆ ಪಂಚೆಗೆ ಮಾಡಿದ್ದು.

ಹಗ್ಗದ ತುದಿಗೆ ಗಂಟು ಹಾಕಲಾಗದು. ಥಿಂಬಲ್ ಎಂಬ ಕಣ್ಣಿನ ಸುತ್ತ ಮಡಚಿ, ಮೂರು ಯು-ಕ್ಲಿಪ್ಪು ಬಿಗಿಯಬೇಕು. ಕ್ಲಿಪ್ಪಿನ ಹಲ್ಲಿರುವ ದಿಮ್ಮಿ ಭಾಗ ಭಾರ ಹೊರುವ ಹಗ್ಗದ ಮೇಲೆ ಕೂರಬೇಕು; ಬಾಗಿದ ಯು ಭಾಗ ಕತ್ತರಿಸಿದ ಮೋಟು ತುದಿಯನ್ನು ಅಮುಕಬೇಕು. ತಿರುವುಮುರುವು ಹಾಕಿದರೆ ಭಾರ ಹೊರುವ ಹಗ್ಗವೇ ನಜ್ಜುಗುಜ್ಜಾಗುತ್ತದೆ. ಮೊದಲ ಸಲ ಭಾರ ಹಾಕಿದ ಮೇಲೆ ಹಗ್ಗ ತುಸು ತೆಳುವಾಗುವುದರಿಂದ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿಯಿರಿ.

ಎಳೆಯುವುದಕ್ಕೆ ಕೈ ವಿಂಚು ಒಳ್ಳೆಯದು. ಅದರಲ್ಲಿ ಎರಡು ಜಾತಿ. ಹಲ್ಲುಗಾಲಿಗೆ ನಾಲಿಗೆ ಸಿಕ್ಕಿಸುವುದು ಒಂದು. ಇಳಿಸುವಾಗ ನಾಲಿಗೆ ತೆಗೆದು ಹಿಡಿಕೆಯನ್ನು ಕೈಯಲ್ಲೇ ತಡೆಯಬೇಕು, ಜಾರಿದರೆ ಹಿಡಿಕೆ ಗಿರ್ರನೆ ತಿರುಗಿ ಮೊಣಕೈ ಮುರಿಯುತ್ತದೆ. ಇನ್ನೊಂದು ವರ್ಮ್ ಗೇರಿನದು, ಕೈಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ನಿಧಾನ, ಬೆಲೆಯೂ ಹೆಚ್ಚು, ಆದರೂ ಅದನ್ನೇ ತನ್ನಿ. ಗ್ಯಾರೇಜಿನವರ ಚೈನ್ ಪುಲ್ಲಿಯೂ ಕೈಬಿಟ್ಟರೆ ನಿಲ್ಲುವ ಜಾತಿಯದೇ. ಸದ್ದು ಸಹಿಸುವವರಿಗೆ ಅಡ್ಡಿಯಿಲ್ಲ. ಕರೆಂಟಿನ ಪುಟ್ಟ ಹಾಯ್ಸ್ಟುಗಳು ಬೇಡ. ಗುಂಡಿ ಒತ್ತಿ ಹಿಡಿದವರಿಗೆ ಹಲಗೆ ಎಲ್ಲಾದರೂ ಸಿಕ್ಕಿಕೊಂಡದ್ದು ಕೈಗೆ ತಿಳಿಯುವುದಿಲ್ಲ, ವಿಂಚಿನ ಹಿಡಿಕೆ ಅದನ್ನು ಹೇಳುತ್ತದೆ. ಮಣ್ಣಿನ ಗೋಡೆಯಾದರೆ ವಿಂಚನ್ನು ಗೋಡೆಗೆ ಹಾಕದೆ, ನೆಲದಿಂದ ಸೂರಿನವರೆಗೆ ನಿಲ್ಲಿಸಿದ ಪೈಪಿಗೆ ಹಾಕಿ.

ಶಟರಿನ ಸ್ಪ್ರಿಂಗಿನಂತೆ ಇನ್ನೊಂದು ಬದಿಗೆ ಮರಳು ಮೂಟೆ ತೂಗುಹಾಕಿ ಹಗುರ ಮಾಡಿಕೊಳ್ಳುವ ಉಪಾಯ ಚೆಂದವೇ. ಆದರೆ ಆಗ ಸೂರಿನ ಮೇಲಿನ ಭಾರ ಹತ್ತಿರಹತ್ತಿರ ಎರಡರಷ್ಟಾಗುತ್ತದೆ, ಮೂಟೆ ಬೀಳದಂತೆ ಅದಕ್ಕೊಂದು ಗೂಡು ಬೇಕಾಗುತ್ತದೆ. ಮೊದಲ ಸಲಕ್ಕೆ ಬೇಡ.

ಏರಿದ ಮೇಲೆ

ಹಲಗೆ ಮೇಲೆ ತಲುಪಿತು. ಈಗ ಅದನ್ನು ಹಗ್ಗದ ನಂಬಿಕೆಯ ಮೇಲೆ ಬಿಟ್ಟು ಹೋಗಬೇಡಿ. ಹಗ್ಗ, ರಾಟೆ, ವಿಂಚು ಇರುವುದು ಏರಿಸಿ ಇಳಿಸುವ ಆ ಮೂರು ನಿಮಿಷಕ್ಕೆ ಮಾತ್ರ. ಉಳಿದ ಆರು ದಿನ ಹಲಗೆ ನಿಲ್ಲಬೇಕಾದದ್ದು ನಾಲ್ಕು ಸರಪಳಿಗಳ ಮೇಲೆ, ಅದೂ ರಾಟೆಯ ತಟ್ಟೆಗಳಿಗೆ ಸಂಬಂಧವಿಲ್ಲದ ಬೇರೆಯೇ ಬಳೆಗಳಿಗೆ ಕಟ್ಟಿದ್ದು. ನಮ್ಮ ಮನೆಯಲ್ಲಿ ತೂಗುಮಣೆಯ ಬಳೆಗಳು ಈ ಕೆಲಸಕ್ಕೆ ಬಂದವು, ಅಟ್ಟದಲ್ಲಿದ್ದ ಉಯ್ಯಾಲೆ ಸರಪಳಿಯೂ ಇಳಿದು ಬಂತು. ಬಾಯಿ ತೆರೆದ ಎಸ್ ಕೊಕ್ಕೆ ಬೇಡ. ತಿರುಪು ಹಾಕಿ ಮುಚ್ಚುವ ಡಿ-ಶಕಲ್ ಬಳಸಿ. ನಾಲ್ಕನ್ನೂ ಸಿಕ್ಕಿಸಿ, ಆಮೇಲೆ ವಿಂಚನ್ನು ಅರ್ಧ ಸುತ್ತು ಸಡಿಲಿಸಿ. ಭಾರ ಹಗ್ಗದಿಂದ ಸರಪಳಿಗೆ ಇಳಿಯುವ ಸಣ್ಣ ‘ಕಟ್’ ಸದ್ದು ಕೇಳಿಸುತ್ತದೆ. ಸರಪಳಿ ಸಿಕ್ಕಿಸಲು ಗೋಡೆಗುಂಟ ಏಣಿ ಇಟ್ಟುಕೊಂಡು ಬದಿಯಿಂದ ಕೈಹಾಕಿ, ಹಲಗೆಯ ಕೆಳಗೆ ತಲೆ ಕೊಡಬೇಡಿ. ಇಷ್ಟೆಲ್ಲ ಮಾಡಿದ ಮೇಲೂ ಅದರ ಕೆಳಗೆ ಹಾಸಿಗೆ, ತೊಟ್ಟಿಲು, ಮಕ್ಕಳು ಓದುವ ಮೇಜು ಬೇಡ. ನಮ್ಮಲ್ಲಿ ಕೆಳಗಿರುವುದು ಊಟದ ಮೇಜು, ಊಟಕ್ಕೆ ಅದನ್ನು ಈಚೆಗೆ ಎಳೆದುಕೊಳ್ಳುತ್ತೇವೆ.

ಹತ್ತಡಿ ಎತ್ತರದ ಸೂರಾದರೆ ರಾಟೆಗೆ ನಾಲ್ಕಿಂಚು, ಗುಡ್ಡಕ್ಕೆ ಹತ್ತು, ಚೌಕಟ್ಟಿಗೆ ನಾಲ್ಕು ಕಳೆದು ಹಲಗೆಯ ತಳ ಎಂಟೂವರೆ ಅಡಿಗೆ ಬಂದು ನಿಲ್ಲುತ್ತದೆ. ಅಲ್ಲಿ ಫ್ಯಾನಿಗೆ ಜಾಗವಿರುವುದಿಲ್ಲ, ಗೋಡೆ ಫ್ಯಾನು ಹಾಕಿಸಿಕೊಳ್ಳಿ. ಮನೆಯಾಕೆಯೊಂದಿಗೆ ಈ ಮಾತನ್ನು ತೂತು ಕೊರೆಯುವ ಮುಂಚೆ ಆಡಿ ಮುಗಿಸುವುದು ಕ್ಷೇಮ.

ಸ್ಟೇಷನ್ನನ್ನು ಏರಿಸುವ ಮೊದಲು ಅದರ ಬದಲು ಭಾರ ಏರಿಸಿ ನೋಡಬೇಕು. ಬರೀ ಚೌಕಟ್ಟಿನ ಮೇಲೆ ಹಲಗೆ ಹಾಕಿ ನಾಲ್ಕು ಅಕ್ಕಿ ಮೂಟೆ ಹರಡಿ. ಜಿಎಸ್‌ಟಿ ದೆಸೆಯಿಂದ 25ರ ಮೂಟೆ 26 ಆಗಿರುವುದು ಇಲ್ಲಿ ನಮಗೆ ಅನುಕೂಲವೇ, ಒಟ್ಟು 104 ಕೆ.ಜಿ., ಬೇಕಾದ್ದಕ್ಕಿಂತ ಎರಡರಷ್ಟು. ಆರಿಂಚು ಮಾತ್ರ ಎತ್ತಿ, ಕೆಳಗೆ ಇಟ್ಟಿಗೆ ಜೋಡಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಮಾರನೆಯ ದಿನ ತಟ್ಟೆಗಳ ಅಂಚಿನಲ್ಲಿ ಸುಣ್ಣ ಬಿರಿದಿದೆಯೇ, ಕ್ಲಿಪ್ಪು ಜಾರಿದೆಯೇ ಎಂದು ಟಾರ್ಚು ಹಾಕಿ ನೋಡಿ. ಆಮೇಲೆ ಸರಪಳಿಗಳಿಗೂ ಇದೇ ಪರೀಕ್ಷೆ.

ಏರಿಸುವ ಮುನ್ನ ಎಂಜಿನ್ನು, ಬೋಗಿಗಳನ್ನೆಲ್ಲ ಡಬ್ಬಿಗೆ ತುಂಬಿ. ಟ್ರಾನ್ಸ್‌ಫಾರ್ಮರನ್ನು ಹಲಗೆಗೆ ಅಂಟಿಸದೆ ಕೆಳಗೇ ಇಟ್ಟು, ಹಲಗೆಗೆ 12 ವೋಲ್ಟಿನ ವೈರು ಮಾತ್ರ ಪ್ಲಗ್ಗಿನಲ್ಲಿ ಹೋಗುವಂತೆ ಮಾಡಿ. ಇಳಿಸಿದಾಗ ಹಲಗೆ ಹಗ್ಗದಲ್ಲೇ ತೂಗುತ್ತಿರುವಂತೆ ಗಾಡಿ ಓಡಿಸಬೇಡಿ, ಕಾಲುಗಳ ಮೇಲೋ ಮೇಜಿನ ಮೇಲೋ ಕೂರಿಸಿ. ನಡುಮನೆಗೆ ಇಳಿಯುವ ಹಲಗೆಯ ಒಂದು ಸುಖ ಆಗ ತಿಳಿಯುತ್ತದೆ: ಸುತ್ತಲೂ ಓಡಾಡಬಹುದು, ನಾಲ್ಕಡಿ ಅಗಲದ ಹಲಗೆಯ ಯಾವ ಮೂಲೆಗೂ ಕೈ ಎಟುಕುತ್ತದೆ. ಗೋಡೆಗೆ ಅಂಟಿಸಿ ಕಟ್ಟಿದವರಿಗೆ ಈ ಭಾಗ್ಯವಿಲ್ಲ.

ಬೇಸಿಗೆಯ ಮಾತೊಂದು ಉಳಿಯಿತು. ಮಾರ್ಚಿನಿಂದ ಮೇವರೆಗೆ ಮೋಲ್ಡಿನ ಕೆಳಗಿನ ಒಂದಡಿ ಜಾಗ ಇಡೀ ಮನೆಯಲ್ಲೇ ಅತಿ ಬಿಸಿಯಾದದ್ದು. ಗ್ಲೂ ಗನ್ನಿನಲ್ಲಿ ಅಂಟಿಸಿದ ಮನೆಗಳು ಮೆತ್ತಗಾಗಿ ವಾಲುತ್ತವೆ. ಬಿಳಿ ಫೆವಿಕಾಲೇ ಮೇಲು. ಎಂಟು ಅಡಿಯ ಹಳಿ ಇಪ್ಪತ್ತು ಡಿಗ್ರಿ ಕಾವಿಗೆ ಮುಕ್ಕಾಲು ಮಿಲಿಮೀಟರಿನಷ್ಟು ಬೆಳೆಯುತ್ತದೆ, ಆದ್ದರಿಂದ ಕೀಲಿನಲ್ಲಿ ಸಂದು ಬಿಡಿ. ಧೂಳಿಗೆ ಹಳೆಯ ಹತ್ತಿ ಸೀರೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಮಳೆಗಾಲದಲ್ಲಿ ಒಳಗೆ ಬೆವರುತ್ತದೆ. ಹಲ್ಲಿಗಳು ಹೇಗೂ ಬರುತ್ತವೆ. ನಮ್ಮ ಚಾಮರಾಜನಗರದ ಪ್ಲಾಟ್‌ಫಾರಂನಲ್ಲಿ ಒಂದು ಕಾಯಂ ಆಗಿ ಇದೆ, ಎಚ್‌ಒ ಲೆಕ್ಕದಲ್ಲಿ ಅದು ಮೂವತ್ತು ಅಡಿ ಮೀರಿದ ಪ್ರಾಣಿ.

ಮೂರು ತಿಂಗಳಿಗೊಮ್ಮೆ ಹಗ್ಗವನ್ನು ಒಣ ಬಟ್ಟೆಯಲ್ಲಿ ಹಿಡಿದು ಉದ್ದಕ್ಕೂ ಎಳೆಯಿರಿ. ಬರಿಗೈ ಬೇಡ. ಒಂದು ಎಳೆ ಮುರಿದಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಆಗ ಆ ಹಗ್ಗ ಬದಲಿಸಿ. ರಾಟೆಯ ಅಚ್ಚಿಗೆ ಒಂದು ಹನಿ ಎಣ್ಣೆ ಬಿಡಿ, ಹಲಗೆಯ ಮೇಲೆ ಸೀರೆ ಹೊದಿಸಿದ ನಂತರ. ನೋಡಿದ ದಿನಾಂಕವನ್ನು ಹಲಗೆಯ ತಳದಲ್ಲೇ ಸೀಮೆಸುಣ್ಣದಿಂದ ಬರೆದಿಡಿ. ಊಟದ ಮೇಜಿನಿಂದ ಕತ್ತೆತ್ತಿದರೆ ಕಾಣುತ್ತದೆ, ಅವಧಿ ಮೀರಿದ್ದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.